ಪೊಟ್ಯಾಶಿಯಮ್ಮಿನ ಹತ್ತೊಂಬತ್ತನೆಯ ಎಲೆಕ್ಟ್ರಾನ್

ಗೆಳೆಯರೇ, ಇವತ್ತು ನನ್ನ ವಿದ್ಯಾರ್ಥಿನಿಯೊಬ್ಬಳು ನನ್ನ ತಪ್ಪು ತಿದ್ದಿದಳು. ನಾನು ಅವಳನ್ನೇ ಮನೆಗೆ ಕಳಿಸಿಬಿಟ್ಟೆ.

ಕಲಬುರ್ಗಿಯ ನಮ್ಮ ನಿಜಾಮ ಸರ್ಕಾರದ ಕಾಲೇಜಿನಲ್ಲಿ ಬೆಳಿಗ್ಗೆ ಪೊಟ್ಯಾಶಿಯಮ್ ಪರಮಾಣುವಿನ ಪಾಠ. ಕ್ವಾಂಟಮ್ ಸಂಖ್ಯೆಗಳ ಪ್ರಕಾರ ಮೂರನೇ ಕವಚದಲ್ಲಿ ಹದಿನೆಂಟು ಎಲೆಕ್ಟ್ರಾನ್‌ಗಳಿಗೆ ಜಾಗವಿದೆ, ತುಂಬಿರುವುದು ಎಂಟೇ ಅಲ್ಲವೇ ಎಂದುಕೊಂಡು ಪರಮಾಣುವಿನ ಹತ್ತೊಂಬತ್ತನೆಯದನ್ನೂ ಅಲ್ಲೇ ಬರೆದೆ. ತರಗತಿಯ ಒಬ್ಬಳೇ ಹುಡುಗಿ ಮಹಾದೇವಿ ಎದ್ದು ನಿಂತಳು.

“ಸರ್, ಅದು ನಾಲ್ಕನೇದ್ರಾಗ ಇರಬೇಕ್ರಿ. ಸೋಡಿಯಮ್ಮಿಗೂ ಹೊರಗ ಒಂದೇ ಅದ. ಅದಕ್ಕೇ ಎರಡೂ ನೀರಿಗೆ ಬಿದ್ರ ಸುಮ್ಮನಿರಂಗಿಲ್ಲ.”

ಹುಡುಗರು ನಕ್ಕರು. ನನಗೆ ಸಿಟ್ಟು ಬಂತು. “ನನಗ ಪಾಠ ಹೇಳೂದಿದ್ರ ಮನಿಗೆ ನಡಿ” ಎಂದೆ. ಆಕೆ ನಿಜವಾಗಿಯೂ ಮಧ್ಯಾಹ್ನದ ಮೋಟಾರು ಬಸ್ಸು ಹತ್ತಿ ತನ್ನೂರು ಕಮಲಾಪುರಕ್ಕೆ ಹೋಗಿಬಿಟ್ಟಳು.

ಆಮೇಲೆ ಸರ್ಕಾರ ಕೊಟ್ಟ ಉರ್ದು ಪಠ್ಯಪುಸ್ತಕ ತೆಗೆದು ನೋಡಿದರೆ ಆಕೆ ಹೇಳಿದ್ದೇ ಸರಿ. ಮುಂದಿನ ಮೋಟಾರಿಗೆ ನಾನೂ ಹೊರಟೆ.

ಅವಳ ಅಪ್ಪ ಆಗಷ್ಟೇ ಬಾಳೆತೋಟದಿಂದ ಬಂದಿದ್ದರು. ನನ್ನನ್ನು ಕಂಡೊಡನೆ ಕೈಮುಗಿದು, “ಏನ್ ತಪ್ಪ ಮಾಡ್ಯಾಳ್ರಿ? ಎದುರು ಮಾತಾಡಿದ್ರ ಓದ ಬಿಡಿಸ್ತೀನಂತ ಮೊದಲೇ ಹೇಳೀನಿ” ಎಂದರು. ಬಾಗಿಲ ಮರೆಯಲ್ಲಿ ಮಹಾದೇವಿ ತಲೆತಗ್ಗಿಸಿ ನಿಂತಿದ್ದಳು.

“ಆಕಿ ಏನೂ ಮಾಡಿಲ್ರಿ. ತಪ್ಪ ಮಾಡಿದಾವ ನಾನು. ಆಕಿ ತಿದ್ದಿದಳು” ಎಂದೆ.

ಅವರು ಒಮ್ಮೆ ಮಗಳನ್ನು, ಒಮ್ಮೆ ನನ್ನನ್ನು ನೋಡಿದರು. “ಹಂಗಾದ್ರ ನಾಳಿಗೇ ಕಳಸ್ತೀನ್ರಿ. ನಿಮ್ಮೊಬ್ಬರನ್ನೇ ನಂಬಿದ್ರ ಉಳಿದ ಹುಡುಗರ ಗತಿ ಏನ್ರಿ?”

ನಾಳೆ ಕ್ಯಾಲ್ಸಿಯಮ್ ಪಾಠ. ಈ ಸಲ ಪುಸ್ತಕವನ್ನು ಮೊದಲೇ ಓದಿಕೊಂಡು ಹೋಗುತ್ತೇನೆ.