ಲಾಲಬಿಯ ಹಿತ್ತಲಲ್ಲಿ ಧ್ರುವದ ಮೀನು

ಹಾನಗಲ್ಲಿನ ತನುಜಾ ಜನ್ಮದಲ್ಲಿ ಮೀನು ತಿಂದವಳಲ್ಲ. ತವರಾದ ದುಂಡಸಿಯಲ್ಲಾಗಲಿ, ಗಂಡನ ಮನೆಯಲ್ಲಾಗಲಿ ತತ್ತಿ ಕೂಡ ಹೊಸ್ತಿಲು ದಾಟಿ ಒಳಗೆ ಬಂದದ್ದಿಲ್ಲ. ಹಾಗಿದ್ದೂ ಅವಳಿಗೆ ಹುಚ್ಚು ಹಿಡಿಸಿದ್ದು ಮೀನಿನ ಎಲುಬು.

ಸಣ್ಣವಳಿದ್ದಾಗ ಬೇಸಿಗೆಯಲ್ಲಿ ಊರ ಕೆರೆ ಬತ್ತಿ ಕೆಸರು ಬಿರುಕುಬಿಟ್ಟರೆ, ಅಲ್ಲಿ ಸಿಕ್ಕ ಎಲುಬುಗಳನ್ನು ಲಂಗದ ಉಡಿಯಲ್ಲಿ ಕಟ್ಟಿಕೊಂಡು ಮನೆಗೆ ಬರುತ್ತಿದ್ದಳು. ಅಪ್ಪ ಕುಬೇರಪ್ಪ ಬಾಗಿಲಲ್ಲೇ ತಡೆದು, ಉಡಿ ಝಾಡಿಸಿ, ಬಾವಿಯ ಹತ್ತಿರ ಜಳಕ ಮಾಡಿಸಿ ಒಳಗೆ ಬಿಡುತ್ತಿದ್ದ. ಮುಂದೆ ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿ, ನಮ್ಮ ಕಡೆಯ ಕೆರೆಮೀನುಗಳ ಅಸ್ಥಿಯ ಮೇಲೆ ಅವಳು ಡಾಕ್ಟರೇಟ್ ಮಾಡಿದಾಗ ಅದೇ ಕುಬೇರಪ್ಪ ಊರಿಗೆಲ್ಲ ಪೇಢೆ ಹಂಚಿದ. ಮಗಳು ಯಾವುದರ ಮೇಲೆ ಓದಿದಳು ಎಂದು ಯಾರಾದರೂ ಕೇಳಿದರೆ ಮಾತ್ರ 'ಸೈನ್ಸು' ಎಂದು ಮಾತು ಮುಗಿಸಿಬಿಡುತ್ತಿದ್ದ.

ಮದುವೆಯಾಗಿ ಹಾನಗಲ್ಲಿಗೆ ಬಂದಳು. ಗಂಡ ಚನ್ನೇಶನದು ಪಂಪ್‌ಸೆಟ್ ರಿಪೇರಿಯ ಅಂಗಡಿ. ಅವಳು ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಎಲುಬಿನ ಮಾತು ಹಿಂದೆ ಬಿತ್ತು. ತವರಿನ ಅಟ್ಟದ ಮೇಲಿಟ್ಟಿದ್ದ ಅವಳ ಸಂಗ್ರಹದ ಪೆಟ್ಟಿಗೆಯನ್ನು ಇಲಿ ಹೆಗ್ಗಣಗಳು ಹಾಳು ಮಾಡಿದವೆಂದು ಕೇಳಿದಾಗ ಒಂದು ಹೊತ್ತು ಊಟ ಬಿಟ್ಟಳು, ಅಷ್ಟೆ.

ಒಂದು ಮಳೆಗಾಲದಲ್ಲಿ ಅವಳಿಗೆ ಕಲಿಸಿದ್ದ ಮೇಡಂ ಫೋನ್ ಮಾಡಿದರು. ಅವರ ಹಳೆಯ ಸ್ನೇಹಿತರೊಬ್ಬರು ದಕ್ಷಿಣ ಧ್ರುವದ ಬಳಿಯ ದ್ವೀಪವೊಂದರಲ್ಲಿ ಕಲ್ಲಾದ ಎಲುಬು ಅಗೆಯುವವರು. ದೊಡ್ಡ ದೊಡ್ಡ ಎಲುಬುಗಳು ಯಾವ ಪ್ರಾಣಿಯವೆಂದು ಗುರುತು ಹಚ್ಚಿಯಾಗಿತ್ತು. ಒಂದು ತಟ್ಟೆ ತುಂಬುವಷ್ಟು ಮುರುಕು ಚೂರುಗಳು ಮಾತ್ರ ಹಾಗೇ ಉಳಿದಿದ್ದವು. "ನೋಡ್ತೀಯೇನು?" ಎಂದು ಮೇಡಂ ಕೇಳಿದರು. ತನುಜಾ ಮಾತು ಮುಗಿಯುವ ಮೊದಲೇ ಹ್ಞೂಂ ಅಂದಳು.

ಪೆಟ್ಟಿಗೆ ಬಂತು. ಅಸಲು ಎಲುಬಲ್ಲ, ಯಂತ್ರದಲ್ಲಿ ಅಳತೆ ತೆಗೆದು ಪ್ಲಾಸ್ಟಿಕ್ಕಿನಲ್ಲಿ ಮಾಡಿದ ಪಡಿಯಚ್ಚುಗಳು. ಅವುಗಳಲ್ಲಿ ಬೆರಳುದ್ದದ ಒಂದು ಮುಳ್ಳಿತ್ತು, ಬುಡ ಅರ್ಧ ಮುರಿದದ್ದು. ಶಾರ್ಕಿನ ಜಾತಿಯ ಯಾವುದೋ ಮೀನಿನ ಬೆನ್ನಮುಳ್ಳು ಇರಬಹುದೆಂದು ಅಲ್ಲಿಯವರು ಚೀಟಿ ಅಂಟಿಸಿದ್ದರು. ತನುಜಾಳಿಗೆ ಅದು ಒಪ್ಪಿಗೆಯಾಗಲಿಲ್ಲ. ಯಾಕೆ ಎಂದು ಹೇಳಲಿಕ್ಕೂ ಬರಲಿಲ್ಲ. ಊರ ಕೆರೆಯ ಮೀಸೆಮೀನಿನ ಮುಳ್ಳು ನೆನಪಾಗುತ್ತಿತ್ತು; ಪಕ್ಕದಲ್ಲಿಟ್ಟು ನೋಡಲು ಇಂದಿನ ಮೀನಿನ ಎಲುಬು ಬೇಕಿತ್ತು.

ಹಾನಗಲ್ಲಿನ ಆನಿಕೆರೆಯ ಮೀನು ಮಾರುವ ಲಾಲಬಿಯ ಮುಂದೆ ಹೋಗಿ ನಿಂತಳು.

"ತಲಿ ಅಷ್ಟ ಕೊಡ್ರಿ. ಮೀಸಿ ಇರೂ ಮೀನಿಂದು."

"ತಲಿ ಅಷ್ಟ? ಬೆಕ್ಕು ಸಾಕೀರೇನ್ರಿ ಅಕ್ಕಾರ?"

"ಇಲ್ರಿ. ಕುದಿಸಿ ಎಲುವು ತಗೀಬೇಕು."

ಲಾಲಬಿ ಅವಳ ಹಣೆಯ ವಿಭೂತಿ ನೋಡಿದಳು, ಕೊರಳಿನ ಲಿಂಗದ ಕರಡಿಗೆ ನೋಡಿದಳು. "ನಿಮ್ಮ ಮನ್ಯಾಗ ಕುದಿಸಾಕ ಬಿಡ್ತಾರ?"

ತನುಜಾ ಇಲ್ಲವೆಂದು ತಲೆಯಾಡಿಸಿದಳು.

"ನಮ್ಮ ಹಿತ್ತಲದಾಗ ಕುದಿಸ್ರಿ ಮತ್ತ. ಒಂದು ತೂತುಬಿದ್ದ ಗಡಿಗಿ ಐತಿ, ಬೆಸಿಗಿ ಹಾಕಿಸಿ ಕೊಡತೇನಿ."

ಅಂದಿನಿಂದ ಕಾಲೇಜು ಬಿಟ್ಟ ಮೇಲೆ ತನುಜಾ ಲಾಲಬಿಯ ಹಿತ್ತಲಿಗೆ ಹೋಗತೊಡಗಿದಳು. ತಲೆ ಕುದಿಸುವುದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮಾಂಸ ಬಿಡಿಸುವುದು, ಸೋಪಿನ ಪುಡಿಯ ನೀರಲ್ಲಿ ನೆನೆಹಾಕುವುದು, ಹಂಚಿನ ಮೇಲೆ ಬಿಸಿಲಿಗಿಡುವುದು. ಮನೆಗೆ ಹೋಗುವ ಮುಂಚೆ ಕಡಲೆಹಿಟ್ಟು, ಹುಣಸೆಹಣ್ಣು ಹಚ್ಚಿ ಮೊಣಕೈವರೆಗೆ ತಿಕ್ಕಿ ತೊಳೆಯುತ್ತಿದ್ದಳು. ಅತ್ತೆ ವೀರವ್ವನಿಗೆ 'ಹೆಚ್ಚಿನ ಕ್ಲಾಸು' ಎಂದು ಹೇಳಿಟ್ಟಿದ್ದಳು. ಚನ್ನೇಶನ ಮೂಗಿಗೆ, ಮೀನಿನ ತಲೆ ಸಾಗಿಸುತ್ತಿದ್ದ ಅವಳ ಸ್ಕೂಟಿಯ ಡಿಕ್ಕಿ ಎಲ್ಲವನ್ನೂ ಹೇಳಿತ್ತು. ಅವನು ತನಗೇನೂ ಗೊತ್ತಿಲ್ಲದವನ ಹಾಗೆ ಡಿಕ್ಕಿಯಲ್ಲಿ ಎರಡು ಊದುಬತ್ತಿ ಇಟ್ಟು ಸುಮ್ಮನಾದ.

ಗುಟ್ಟು ರಟ್ಟಾಗಿದ್ದು ಸಂತೆಯಲ್ಲಿ. ವೀರವ್ವ ಮೆಣಸಿನಕಾಯಿ ಆರಿಸುತ್ತಿದ್ದಾಗ ಲಾಲಬಿ ಎದುರಿಗೆ ಬಂದು ಮರ್ಯಾದೆಯಿಂದಲೇ ಹೇಳಿದಳು: "ಅಮ್ಮಾರ, ನಿಮ್ಮ ಸೊಸಿಗೆ ಹೇಳ್ರಿ, ಎಲುವು ಒಣಗ್ಯಾವ. ಮಳಿ ಬರೂದ್ರಾಗ ತಗೊಂಡು ಹೋಗಂತ."

"ಯಾರ ಎಲುವು?"

"ಮೀನಿಂದು ರೀ."

ವೀರವ್ವ ಆ ಸಂಜೆ ರೊಟ್ಟಿ ಬಡಿಯುವ ಸಪ್ಪಳವೇ ಬೇರೆ ಥರ ಇತ್ತು. ಸುಳ್ಳು ಹೇಳಿದ್ದಕ್ಕೆ ಹೆಚ್ಚು ನಾಚಿಕೆಯೋ, ಸಿಕ್ಕಿಬಿದ್ದದ್ದಕ್ಕೋ ತನುಜಾಳಿಗೇ ತಿಳಿಯಲಿಲ್ಲ. ಮರುದಿನ ಪೂಜೆ ಮುಗಿಸಿದ ವೀರವ್ವ ಪಡಸಾಲೆಯಲ್ಲಿ ಕೂತು ಕರೆದಳು.

"ನೀ ಏನರ ಕೊಲ್ಲತೀಯೇನು?"

"ಇಲ್ರಿ ಅತ್ತಿ. ಮಂದಿ ಬ್ಯಾಡಂತ ಒಗದ ತಲಿ ಅಷ್ಟ ತಗೋತೇನಿ."

"ಯಾಕ ಬೇಕವು?"

ತನುಜಾ ಒಳಗಿನಿಂದ ಮುಳ್ಳಿನ ಪಡಿಯಚ್ಚು ತಂದು ಅತ್ತೆಯ ಎದುರು ಚಾಪೆಯ ಮೇಲಿಟ್ಟಳು. ಈಗ ಬರೀ ಬರ್ಫ ಇರುವ ಆ ನೆಲದಲ್ಲಿ ಹಿಂದೊಮ್ಮೆ ಕಾಡಿತ್ತು, ಹೊಳೆ ಹರಿಯುತ್ತಿದ್ದವು, ಆ ಕಾಲದ ಮೀನು ಇದು, ನಾಲ್ಕು ಕೋಟಿ ವರ್ಷಕ್ಕೆ ಕಡಿಮೆಯಿಲ್ಲ ಎಂದು ವಿವರಿಸಿದಳು. ವೀರವ್ವ ಬಗ್ಗಿ ನೋಡಿದಳು.

"ಇದು ಎಲುವೇನು?"

"ಎಲುವಿನ ನಕಲು ರೀ. ಪ್ಲಾಸ್ಟಿಕ್."

"ಪ್ಲಾಸ್ಟಿಕ್ಕಿಗೆ ಎಂಥಾ ಮೈಲಿಗಿ? ಇರವಲ್ದ್ಯಾಕ." ವೀರವ್ವ ಎದ್ದು ಸೆರಗು ಸರಿಮಾಡಿಕೊಂಡಳು. "ಕುದಿಸಿದ್ದು ಮಾತ್ರ ಒಳಗ ಬರಬಾರದು. ಇನ್ನೊಂದು ಮಾತು. ಎಲ್ಲಿ ಹೊಂಟೀ ಅಂತ ಖರೇ ಹೇಳಿ ಹೋಗು."

ತನುಜಾಳ ಮೈಯೆಲ್ಲ ಹಗುರಾಯಿತು. ಎಲುಬು ಮನೆಗೆ ಬಾರದಿದ್ದರೆ ಏನಂತೆ, ಪಡಿಯಚ್ಚೇ ಎಲುಬಿನ ಬಳಿಗೆ ಹೋಗಬಹುದಲ್ಲ.

ಮುಂದಿನ ಭಾನುವಾರ ಪೆಟ್ಟಿಗೆ ಹೊತ್ತು ಹಿತ್ತಲಿಗೆ ಹೋದಳು. ಲಾಲಬಿ ಬೆಳ್ಳುಳ್ಳಿ ಸುಲಿಯುತ್ತ ಕಟ್ಟೆಯ ಮೇಲೆ ಕೂತಿದ್ದಳು. ತನುಜಾ ಮೀಸೆಮೀನಿನ ತಲೆಯ ಹಿಂದೆಯೇ ಅಂಟಿಕೊಂಡಿರುವ ಪಕ್ಕೆಯ ಮುಳ್ಳುಗಳನ್ನು ಸಾಲಾಗಿಟ್ಟು, ಧ್ರುವದ ಮುಳ್ಳನ್ನು ನಡುವೆ ಇಟ್ಟಳು. ತಿರುಗಿಸಿದಳು, ಮಗುಚಿದಳು. ಆಗ ಹೊಳೆಯಿತು. ಬೆನ್ನಿನ ಮುಳ್ಳು ಮೈಯ ನಟ್ಟನಡುವೆ ನಿಲ್ಲುವಂಥದು, ಎಡಬಲ ಒಂದೇ ಸಮ ಇರಬೇಕು. ಇದು ಸಾಲಿನಲ್ಲಿದ್ದ ಎಡಪಕ್ಕೆಯ ಮುಳ್ಳುಗಳ ಹಾಗೆ ಒಂದೇ ಬದಿಗೆ ವಾಲಿತ್ತು. ಗರಗಸದ ಹಲ್ಲಿನಂಥ ಕಚ್ಚುಗಳೂ ಒಂದೇ ಅಂಚಿನಲ್ಲಿದ್ದವು. ಮುರಿದ ಬುಡದಲ್ಲಿ ಉಳಿದ ಅರ್ಧ ಉಬ್ಬೂ, ಮುಳ್ಳನ್ನು ಬಿಚ್ಚಿ ಚಿಲಕ ಹಾಕಿದಂತೆ ನಿಲ್ಲಿಸಲು ಮೀಸೆಮೀನಿಗೆ ಇರುವ ಉಬ್ಬಿನ ಹಾಗೆಯೇ ಇತ್ತು.

"ಎಡಗಡೀದು," ಅಂದಳು ತನುಜಾ.

"ಏನ್ರಿ?"

"ಇದು ಎಡಗಡೀ ಮುಳ್ಳು ರೀ, ಲಾಲಬಿ. ಮೀಸಿಮೀನು."

"ಅಷ್ಟು ದೂರಕ್ಕ ಹೋಗಿತ್ತಾ ಇದು?" ಎಂದು ಲಾಲಬಿ ನಕ್ಕಳು.

ತನುಜಾ ನಗಲಿಲ್ಲ. ಕೈಯಲ್ಲಿ ಮೀಸೆಮೀನೇ ಇದ್ದುದರಿಂದ ಕಣ್ಣಿಗೂ ಅದೇ ಕಾಣುತ್ತಿದೆಯೇನೋ ಎಂಬ ಭಯ ಹತ್ತಿತು. ಶಾರ್ಕುಗಳ ಮುಳ್ಳಿನ ಚಿತ್ರಗಳನ್ನು ಹುಡುಕಿ ಹುಡುಕಿ ನೋಡಿದಳು. ತಾನು ತಪ್ಪಿರಬಹುದಾದ ಎಲ್ಲ ದಾರಿಗಳನ್ನೂ ಬರೆದು, ಆದರೂ ಇದು ಮೀಸೆಮೀನು, ನಮ್ಮ ಕೆರೆಗಳ ಮೀನಿನ ಬಳಗದ್ದು ಎಂದು ಅಗೆದವರಿಗೆ ಮೇಲ್ ಕಳಿಸಿದಳು.

ಉತ್ತರ ಬರಲು ಸುಗ್ಗಿ ಮುಗಿಯಿತು. ಅಸಲು ಮುಳ್ಳನ್ನು ಅವರು ಸ್ಕ್ಯಾನ್ ಮಾಡಿಸಿ ಒಳಗನ್ನು ನೋಡಿದ್ದರು. ಮೀಸೆಮೀನು ಹೌದು, ಎಡಗಡೆಯದೂ ಹೌದು. ಆದರೆ ಸಿಹಿನೀರಿನ ಬಳಗದ್ದಲ್ಲ, ಸಮುದ್ರದ ದಂಡೆಯಲ್ಲಿ ಬದುಕುವ ಬೇರೆ ಮನೆತನದ್ದು ಎಂದು ಬರೆದಿದ್ದರು. ತನುಜಾಳಿಗೆ ಒಂದು ಗಳಿಗೆ ಮುಖ ಸಣ್ಣದಾಯಿತು. ಆಮೇಲೆ ಅವರು ಕಳಿಸಿದ ಚಿತ್ರಗಳನ್ನು ನಿಧಾನವಾಗಿ ನೋಡಿದಳು. ಅವರು ಹೇಳಿದ್ದೇ ಸರಿಯಿತ್ತು. ಆ ಮುಳ್ಳಿನ ಬಗ್ಗೆ ಅವರು ಪ್ರಕಟಿಸಿದ ಲೇಖನದಲ್ಲಿ, ಬರೆದವರ ಸಾಲಿನಲ್ಲಿ ಅವಳ ಹೆಸರು ಮೂರನೆಯದಾಗಿ ಬಂತು. ಕೆಳಗೆ, ಹೋಲಿಕೆಗೆ ನೆರವಾದವರು ಎಂದು ಲಾಲಬಿಯ ಹೆಸರೂ ಇತ್ತು. ತನುಜಾ ಹಟ ಮಾಡಿ ಹಾಕಿಸಿದ್ದಳು.

ಚನ್ನೇಶ ಅಂಗಡಿಗೆ ಬಂದವರಿಗೆಲ್ಲ ಮೊಬೈಲಿನಲ್ಲಿ ಲೇಖನ ತೋರಿಸಿದ. ಕಾಲೇಜಿನಲ್ಲಿ ಒಬ್ಬಿಬ್ಬರು ಅಭಿನಂದಿಸಿದರು, ಪಾಠ ಎಂದಿನಂತೆ ನಡೆಯಿತು.

ಈ ವರ್ಷ ಇನ್ನೊಂದು ಪೆಟ್ಟಿಗೆ ಬಂದಿದೆ. ಅದನ್ನು ಬಾಗಿಲಲ್ಲಿ ಸಹಿ ಮಾಡಿ ಇಸಕೊಂಡವಳು ವೀರವ್ವ. ತಾನೇ ಕತ್ತರಿ ತಂದು ಟೇಪು ಕತ್ತರಿಸಿ, ಸಣ್ಣ ಹಲ್ಲುಗಳಿದ್ದ ದವಡೆಯ ಚೂರೊಂದನ್ನು ಬೆಳಕಿಗೆ ಹಿಡಿದಳು.

"ಇದ್ಯಾವುದು?"

"ಗೊತ್ತಿಲ್ರಿ ಅತ್ತಿ."

"ಇಷ್ಟು ಓದೀ, ಗೊತ್ತಿಲ್ಲಂದ್ರ?"

"ಇನ್ನೂ ನೋಡಬೇಕ್ರಿ," ಎನ್ನುತ್ತ ತನುಜಾ ಅತ್ತೆಯ ಪಕ್ಕದಲ್ಲಿ ಕೂತಳು.