ಷಡ್ಡಕನ ಕರೆಂಟ್ ಗಾಡಿ, ನನ್ನ ಹಗ್ಗ

ಗೆಳೆಯರೇ, ಸಾಸ್ವೆಹಳ್ಳಿಗೆ ಮೊದಲ ಕರೆಂಟ್ ಪಿಕಪ್ ತರುವವನು ನಾನೇ ಎಂದು ಮೂರು ತಿಂಗಳಿಂದ ಹೋಟೆಲ್ಲಿನಲ್ಲಿ ಹೇಳಿಕೊಂಡು ಬಂದಿದ್ದೆ. ಇವತ್ತು ಬೆಳಗ್ಗೆ ಬಸವಾಪಟ್ಟಣದ ನನ್ನ ಷಡ್ಡಕ ರುದ್ರಪ್ಪ ಅಂಥದ್ದೇ ಗಾಡಿಗೆ ಚೆಂಡುಹೂವಿನ ಹಾರ ಹಾಕಿಕೊಂಡು ನಮ್ಮ ಮನೆ ಮುಂದೆಯೇ ತಂದು ನಿಲ್ಲಿಸಿದ.

"ಅಣ್ಣ, ಹೊಸ ಗಾಡಿಗೆ ಮೊದಲ ಲೋಡು ಹಿರಿಯರದ್ದೇ ಆಗ್ಬೇಕು. ನಿಮ್ಮ ಭತ್ತ ಮಿಲ್ಲಿಗೆ ಹಾಕಿ ಬರ್ತೀನಿ, ಕೊಡ್ರಿ" ಎಂದ.

ಆಗಲಿ ಎಂದೆ. ಹತ್ತು ಚೀಲ ಹಾಕುವ ಕಡೆ ಇಪ್ಪತ್ತು ಹೇರಿಸಿದೆ. ಮಿಲ್ಲಿನ ದಾರಿಯ ಕಾಲುವೆ ಏರಿಯ ಮೇಲೆ ಅವನ ಗಾಡಿ ನಿಂತುಹೋದರೆ ನನ್ನ ಹಳೆಯ ಡೀಸೆಲ್ ಗಾಡಿಯಲ್ಲಿ ಎಳೆದು ತಂದು ಊರಿಗೆಲ್ಲ ತೋರಿಸೋಣವೆಂದು ಹಗ್ಗ ಇಟ್ಟುಕೊಂಡು ಹಿಂದೆಯೇ ಹೊರಟೆ.

ಅವನ ಗಾಡಿ ಉಸಿರು ಬಿಡದೆ ಏರಿ ಹತ್ತಿತು. ಅರ್ಧಕ್ಕೆ ನಿಂತದ್ದು ನನ್ನದು. ರುದ್ರಪ್ಪ ಮಿಲ್ಲಿಗೆ ಹೋಗಿ ಭತ್ತ ಇಳಿಸಿ ಬಂದು, ನನ್ನದೇ ಹಗ್ಗ ಕಟ್ಟಿ ಹೋಟೆಲ್ ಮುಂದೆಯೇ ಹಾದು ಮನೆಗೆ ಎಳೆದು ತಂದ.

ಬಾಗಿಲಲ್ಲಿ ಹೆಂಡತಿ ಕೇಳಿದಳು: "ಏನ್ರೀ, ಇವತ್ತು ನಮ್ಮ ಗಾಡಿನೂ ಸದ್ದಿಲ್ದಂಗೆ ಬಂತಲ್ಲ?"

ಈಗ ಅವನ ಗಾಡಿ ನಮ್ಮ ಮನೆಯ ಕರೆಂಟನ್ನೇ ಕುಡಿಯುತ್ತ ಅಂಗಳದಲ್ಲಿದೆ. "ನೀವೂ ಇದನ್ನೇ ತಗೊಂಡ್ಬಿಡ್ರಿ ಅಣ್ಣ, ಶೋರೂಮಿನಾಗೆ ನಾನೇ ಹೇಳ್ತೀನಿ" ಎಂಬ ಉಪದೇಶ ಬೇರೆ.

ಕೊಳ್ಳುವುದಂತೂ ಖಂಡಿತ, ಗೆಳೆಯರೇ. ಆದರೆ ಅವನದಕ್ಕಿಂತ ಒಂದು ಗೇಣಾದರೂ ಉದ್ದವಿರುವ ಗಾಡಿ ಬಿಡುಗಡೆಯಾಗುವವರೆಗೆ ನಾನು ಡೀಸೆಲ್ಲಿನ ಕಡೆಯವನು.