ಕರಡಿ ಗುರುಗುಟ್ಟದ ಮಾತು

ಮೈಕು ಕೈಗೆ ಬಂದರೆ ಸಾಕು, ಅವಳ ಗಂಡನಿಗೆ ಮೈಮೇಲೆ ಎಚ್ಚರ ಇರುತ್ತಿರಲಿಲ್ಲ.

"ಮುಂದಿನ ಸಾಲಿನವರು ಕಾಲು ಸ್ವಲ್ಪ ಒಳಗೆ ಎಳ್ಕೊಳ್ಳಿ. ಈಗ ಬರೋದು ಕಾಡುಪ್ರಾಣಿ! ಸಿಕ್ಕಿದ್ದು ಎಲ್ಲಿ? ನಮ್ಮ ಅಡುಗೆಮನೇಲಿ. ತೂಕ ಕೇಳ್ಬೇಡಿ, ತಕ್ಕಡಿ ರಜೆ ಹಾಕಿದೆ. ಬೆಳಿಗ್ಗೆ ಎಬ್ಬಿಸಿದ್ರೆ ಪರಚುತ್ತೆ. ಎಬ್ಬಿಸದಿದ್ರೆ, ಯಾಕೆ ಎಬ್ಬಿಸಲಿಲ್ಲ ಅಂತ ಪರಚುತ್ತೆ."

ಆಗ ಪರದೆಯ ಹಿಂದಿನಿಂದ ಅವಳು ಗುರ್ರ್ ಎನ್ನಬೇಕು, ಜನ ಬಿದ್ದು ಬಿದ್ದು ನಗಬೇಕು. ಆಮೇಲೆ ಅವಳು ಹೊರಗೆ ಬಂದು ಆ ದೊಡ್ಡ, ತುಂಬಿದ ದನಿಯಲ್ಲಿ ಹಾಡಬೇಕು.

ಗಾಯಕಿಯ ಹೆಸರು ಯಾರಿಗೂ ಬೇಕಿರಲಿಲ್ಲ. ಕರಡಿ ಎಂದರೆ ಎಲ್ಲರಿಗೂ ಗೊತ್ತು. ಔಷಧಿ ಅಂಗಡಿಯವನೂ "ಏನು ಕರಡಿಯಕ್ಕಾ, ಗಂಟಲು ಹೇಗಿದೆ?" ಎಂದು ಕೇಳಿ ತನ್ನ ಜೋಕಿಗೆ ತಾನೇ ನಗುತ್ತಿದ್ದ. ಮದುವೆಯಾದ ಹೊಸದರಲ್ಲಿ ಗಂಡ ಆ ಹೆಸರನ್ನು ಅವಳ ಕಿವಿಯಲ್ಲಿ ಹೇಳುತ್ತಿದ್ದ. ಆಗ ಅದರಲ್ಲಿ ಮುದ್ದಿತ್ತು. ಮುದ್ದನ್ನು ವೇದಿಕೆಗೆ ತಂದು ಮಾರಿದ ಮೇಲೆ ಮನೆಯಲ್ಲಿ ಉಳಿಯುವುದೇನು, ಮಣ್ಣು? ಮನೆಯಲ್ಲಿ ಈಗ ಅವನು ಅವಳನ್ನು ಏನೆಂದೂ ಕರೆಯುತ್ತಿರಲಿಲ್ಲ.

ಇಬ್ಬರ ಕಸುಬಿಗೂ ಒಂದು ಕಟ್ಟಳೆಯಿತ್ತು. ಅವನು ಹೊಸ ಮಾತು ಸೇರಿಸಿದಾಗ ಅವಳು ಗುರುಗುಟ್ಟಿದರೆ ಆ ಮಾತು ಉಳಿಯಿತು. ಗುರುಗುಟ್ಟದಿದ್ದರೆ ಅಂದಿಗೇ ಅದರ ಕಥೆ ಮುಗಿಯಿತು, ಯಾಕೆಂದರೆ ಅವಳ ದನಿ ಬೀಳದೆ ನಗು ಏಳುತ್ತಿರಲಿಲ್ಲ. ಒಮ್ಮೆ ಅವನು ಅವಳ ಅಕ್ಕನನ್ನು ಗಂಡ ಬಿಟ್ಟುಹೋದ ಸಂಗತಿ ಎತ್ತಿದ. ಅವಳು ತುಟಿ ಬಿಗಿಹಿಡಿದಳು. ಸಭೆಯಲ್ಲಿ ಯಾರೋ ಕೆಮ್ಮಿದರು, ಅಷ್ಟೇ. ಮತ್ತೆ ಅವನು ಆ ಸುದ್ದಿಗೆ ಹೋಗಲಿಲ್ಲ. ಈ ಒಂದು ಅಧಿಕಾರ ತನ್ನ ಕೈಯಲ್ಲಿದೆ ಎಂಬ ಧೈರ್ಯದಿಂದಲೇ ಅವಳು ಗೊರಕೆ, ಹೊಟ್ಟೆ, ಮೇಲ್ತುಟಿಯ ಕೂದಲು ಎಲ್ಲವನ್ನೂ ನುಂಗಿಕೊಂಡಿದ್ದಳು.

ಆಮೇಲೆ ಏಳನೇ ತಿಂಗಳಲ್ಲಿ ಅವಳ ಮಗು ಹೊಟ್ಟೆಯಲ್ಲೇ ಹೋಯಿತು.

ಆಸ್ಪತ್ರೆಯಿಂದ ಬಂದ ದಿನ ಗಂಡನ ಕೈ ಹಿಡಿದು ಹೇಳಿದಳು: "ರೀ, ನನ್ನ ಬಗ್ಗೆ ಏನು ಬೇಕಾದ್ರೂ ಹೇಳ್ಕೊಳ್ಳಿ. ಇದೊಂದನ್ನ ಮಾತ್ರ ಮೈಕಿಗೆ ತರಬೇಡಿ."

"ಛೇ, ನಾನೇನು ಮನುಷ್ಯ ಅಲ್ವೇನೇ?" ಎಂದು ಅವನು ಅತ್ತ. ಆ ಅಳು ನಿಜವಾದದ್ದೇ, ಸುಳ್ಳು ಹೇಳಬಾರದು.

ಮತ್ತೆ ವೇದಿಕೆ ಹತ್ತಿದ ಸಂಜೆ ಯಾವುದೋ ಕಂಪನಿಯ ಔತಣ. ಎಲ್ಲರ ಗಮನ ತಟ್ಟೆಯ ಮೇಲೆ. ತಕ್ಕಡಿಯ ಜೋಕು ಬಿತ್ತು, ಯಾರೂ ತಲೆಯೆತ್ತಲಿಲ್ಲ. ಪರಚುವ ಜೋಕಿಗೆ ಅವಳು ಗಂಟಲು ಹರಿಯುವಂತೆ ಗುರುಗುಟ್ಟಿದಳು, ಅದೂ ನೀರಿನಲ್ಲಿ ಹೋಮ. ಅವನು ತಡವರಿಸಿದ. ತಡವರಿಸಿದಾಗಲೆಲ್ಲ ಅವನು ಹೊಸ ಮಾತಿಗೆ ಕೈಹಾಕುತ್ತಾನೆಂದು ಪರದೆಯ ಹಿಂದೆ ಅವಳಿಗೆ ಗೊತ್ತಿತ್ತು.

"ಈ ಪ್ರಾಣಿ ಮರಿ ಹಾಕಲ್ವಾ ಅಂತೀರಾ? ಮೊನ್ನೆ ಇನ್ನೇನು ಹಾಕ್ತು ಅಂದ್ಕೊಂಡ್ವಿ. ಮರಿ ಒಳಗಿಂದಲೇ ತಾಯಿ ದನಿ ಕೇಳಿ, ನಾನು ಬರಲ್ಲಪ್ಪಾ ಅಂದ್ಬಿಡ್ತು!"

ಅವಳು ಪರದೆಯನ್ನು ಮುಷ್ಟಿಯಲ್ಲಿ ಹಿಡಿದು ಸುಮ್ಮನೆ ನಿಂತಳು. ಸಾಯಲಿ ಈ ಮಾತು, ಇಲ್ಲೇ ಸಾಯಲಿ ಎಂದುಕೊಂಡಳು. ಚಮಚಗಳ ಸದ್ದು ನಿಂತಿತು. ಅವನೂ ಕ್ಷಣ ಕಕ್ಕಾಬಿಕ್ಕಿಯಾದ. ಆಮೇಲೆ ಪರದೆಯ ಕಡೆಗೆ ಬಾಗಿ, ಕಿವಿಗೆ ಕೈಯಿಟ್ಟು ಕಾದ. ಮೈಕಿನಲ್ಲಿ ಪಿಸುಗುಟ್ಟಿದ: "ನೋಡಿದ್ರಾ? ಇದರ ಬಾಯಿ ಮುಚ್ಚಿಸೋಕೆ ನಾನು ಇಷ್ಟು ವರ್ಷ ಒದ್ದಾಡಿದೆ!"

ಸಭೆ ಹೋ ಎಂದು ನಕ್ಕಿತು. ಮೇಜು ಕುಟ್ಟಿ ಕುಟ್ಟಿ ನಕ್ಕಿತು. ಅವಳು ಹೊರಗೆ ಬಂದು ಹಾಡಿದಳು. ಒಂದು ಸ್ವರವೂ ತಪ್ಪಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಮೈದುನ ವೈರು ಸುತ್ತುತ್ತಾ, "ಅಣ್ಣ ಹಾಗೆ ಹೇಳಬಾರದಿತ್ತು ಅತ್ತಿಗೆ," ಎಂದ. ಆ ಮಾತಿಗೆ ಕೀಬೋರ್ಡಿನಲ್ಲಿ ಡೋಲಿನ ಸದ್ದು ಹೊಡೆದು ನಗು ಏರಿಸಿದ್ದ ಪುಣ್ಯಾತ್ಮನೂ ಅವನೇ.

ಅವಳು ನೇರ ಗಂಡನ ಬಳಿಗೆ ಹೋದಳು. "ನಾನು ಗುರ್ ಅನ್ನಲಿಲ್ಲ. ಆ ಮಾತು ಹೋಯ್ತು ತಾನೇ?"

ಅವನ ಮುಖ ಬೆಳಗುತ್ತಿತ್ತು. "ಯಾಕೆ ಹೋಗುತ್ತೆ? ನೀನು ಸುಮ್ಮನಿದ್ದಿದ್ದಕ್ಕೇ ನಗು ಎದ್ದಿದ್ದು ಕಣೇ! ಇನ್ಮೇಲೆ ಅಲ್ಲಿ ಹಾಗೇ ಸುಮ್ಮನಿದ್ದುಬಿಡು. ಕಿವಿಗೆ ಕೈಯಿಟ್ಟು ನಾನು ಇನ್ನೂ ಸ್ವಲ್ಪ ಕಾಯ್ತೀನಿ."

ಅವಳು ಬಾಯಿ ತೆರೆದಳು. ಏನಂದರೂ ಅದು ನಾಳೆ ಮೈಕಿಗೆ ಹೋಗುತ್ತದೆಂದು ಹೊಳೆಯಿತು. ಬಾಯಿ ಮುಚ್ಚಿಕೊಂಡು ಅವನನ್ನೇ ನೋಡಿದಳು.

"ಹಾಂ, ಹೀಗೇ," ಎಂದ ಗಂಡ. "ಇಷ್ಟೇ ಹೊತ್ತು."